ವಾಲ್ಯೂಮ್ ಹಾಡೋರ ಕೈಯಾಗ ಇರಲಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಈ ಐದು ಊರುಗಳ ಸುತ್ತಮುತ್ತ ಸಪ್ಪಳಕ್ಕೇನೂ ಬರ ಇಲ್ಲ. ವಾಡಿ, ಮಳಖೇಡ, ಸೇಡಂ ರಸ್ತೆಯಲ್ಲಿ ಹಗಲು ರಾತ್ರಿ ಸಿಮೆಂಟ್ ಲಾರಿ. ಶಹಾಬಾದ್ ಕಡೆ ಕಲ್ಲು ಕೊಯ್ಯುವ ಮಷೀನು. ಮದುವೆ ಹಂಗಾಮು ಬಂತೆಂದರೆ ಎಲ್ಲ ಕಡೆ ಡಿಜೆ. ಇಷ್ಟರ ನಡುವೆ ಏಕತಾರಿ ಹಿಡಿದು ತತ್ವಪದ ಹಾಡುವವರ ದನಿ ಮೂರನೇ ಸಾಲಿನಲ್ಲಿ ಕುಂತವರಿಗೂ ಮುಟ್ಟುವುದಿಲ್ಲ.

ಈ ತೊಂದರೆಗೆ ಒಂದು ಪರಿಹಾರ ಈಗ ಪೇಟೆಯಲ್ಲೇ ಸಿಗುತ್ತದೆ. ನಾವು ಚಾರ್ಜಿಂಗ್ ಸ್ಪೀಕರ್ ಅಂತೀವಲ್ಲ, ಅದು. ಬ್ಯಾಟರಿ, ಆಂಪ್ಲಿಫೈಯರ್, ಸ್ಪೀಕರ್ ಮೂರೂ ಒಂದೇ ಡಬ್ಬಿಯಲ್ಲಿ. ಬೈಕಿನ ಹಿಂದೆ ಕಟ್ಟಿಕೊಂಡು ಹೋಗಬಹುದು. ಆದರೆ ಅದನ್ನು ನಾವು ಕೊಳ್ಳುವುದು ಮೊಬೈಲಿನ ಹಾಡು ಜೋರಾಗಿ ಹಚ್ಚಲಿಕ್ಕೆ. ಊರಲ್ಲಿ ಬಾಯಿಬಿಟ್ಟು ಹಾಡುವ ಜನರ ಕೈಗೆ ಅದು ಬಂದಿಲ್ಲ. ಬರಬೇಕು, ಅದಕ್ಕೆ ಪಂಚಾಯಿತಿಗಳೂ ಕೈಜೋಡಿಸಬೇಕು ಎಂಬುದು ನನ್ನ ವಾದ.

ಮೊದಲು ಹಳೆಯ ಪದ್ಧತಿ ನೆನಪು ಮಾಡಿಕೊಳ್ಳಿ. ಭಜನೆ, ಪುರಾಣ, ಜಾತ್ರೆ ಏನೇ ಇರಲಿ, ಪೇಟೆಯಿಂದ ಮೈಕ್ ಸೆಟ್ ಬರಬೇಕಿತ್ತು. ಕಂಬಕ್ಕೆ ಕಹಳೆಯಂಥ ಹಾರ್ನ್ ಕಟ್ಟುತ್ತಿದ್ದರು. ಕರೆಂಟ್ ಹೋದರೆ ಜನರೇಟರ್, ಅದರದ್ದೇ ಬೇರೆ ಸಪ್ಪಳ, ಬೇರೆ ಬಾಡಿಗೆ. ಆ ಹಾರ್ನ್ ಮಾಡಿರುವುದೇ ದೂರದವರಿಗೆ ಕೂಗಿ ಹೇಳಲಿಕ್ಕೆ. ಪಕ್ಕದ ಹಳ್ಳಿಗೆ ಕೇಳುತ್ತದೆ, ಕೆಳಗೆ ಕುಂತವರಿಗೆ ಕಿವಿ ಕಚ್ಚುತ್ತದೆ. ವಾಲ್ಯೂಮ್ ಇರುವುದು ಸೆಟ್ಟಿನವರ ಕೈಯಲ್ಲಿ. ಹಾಡುವವರು "ಸ್ವಲ್ಪ ಕಡಿಮಿ ಮಾಡ್ರೀ" ಎಂದು ಕೈ ಸನ್ನೆ ಮಾಡಬೇಕು, ಅವರು ಚಹಾಕ್ಕೆ ಹೋಗಿರುತ್ತಾರೆ. ತನ್ನ ದನಿ ಎಷ್ಟಿರಬೇಕೆಂದು ಹಾಡುವವರೇ ಗೊತ್ತು ಮಾಡುವ ಹಾಗೆ ಇರಲಿಲ್ಲ. ಬ್ಯಾಟರಿ ಡಬ್ಬಿಯಿಂದ ಆಗುವ ದೊಡ್ಡ ಅನುಕೂಲ ಇದೇ. ಗುಂಡಿ ತಿರುವುವ ಕೈ ಹಾಡುವವರದೇ ಆಗುತ್ತದೆ.

ಇದು ನಮ್ಮ ಭಾಗಕ್ಕೆ ಯಾಕೆ ಮುಖ್ಯ? ನಮ್ಮ ಜಿಲ್ಲೆಯ ಕಡಕೋಳದ ಮಡಿವಾಳಪ್ಪನವರ ಪದಗಳನ್ನು ಇವತ್ತಿಗೂ ಹಾಡುತ್ತಾರೆ. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರೂ ಇದ್ದರು. ಜಾತಿ, ಧರ್ಮ ಕೇಳದ ಪರಂಪರೆ ಅದು. ಮೊಹರಂ ಬಂದಾಗ ರಿವಾಯತ್ ಪದ ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಚಿಂಚೋಳಿ ಕಡೆಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳ ಹಾಡು, ಮದುವೆ ಮನೆಯಲ್ಲಿ ಅಜ್ಜಿಯರ ಸೋಬಾನೆ ಪದ. ಇವೆಲ್ಲದರಲ್ಲೂ ಮಾತೇ ಜೀವ. ಮಾತು ತಿಳಿಯದಿದ್ದರೆ ತತ್ವಪದ ಬರೀ ತಾಳದ ಸಪ್ಪಳವಾಗುತ್ತದೆ. ಕೇಳದ ಪದವನ್ನು ಹುಡುಗರು ಕಲಿಯುವುದಾದರೂ ಹೇಗೆ? ತತ್ವಪದಗಳು ಸಂಪುಟಗಳಾಗಿ ಅಚ್ಚಾಗಿವೆ, ಸಂತೋಷ. ಆದರೆ ಪದ ಉಳಿಯುವುದು ಕಿವಿಯಿಂದ ಕಿವಿಗೆ.

ಇನ್ನೊಂದು ಮಾತು, ಹಾಡುವವರ ಗಂಟಲಿನದು. ಭಜನೆ ಮಂಡಳಿಗಳಲ್ಲಿ ಈಗ ಬಹಳ ಮಂದಿ ವಯಸ್ಸಾದವರು. ಡಿಜೆ, ಲಾರಿ ಸಪ್ಪಳದ ಮೇಲೆ ದನಿ ಏರಿಸಿ ಏರಿಸಿ ಗಂಟಲು ಕಟ್ಟುತ್ತದೆ. ಎರಡು ತಾಸು ಹಾಡುವವರು ಅರ್ಧ ತಾಸಿಗೆ ಎದ್ದು ಬಿಡುತ್ತಾರೆ. ಹೆಣ್ಣುಮಕ್ಕಳಂತೂ ಹಾಡುವುದನ್ನೇ ಬಿಟ್ಟು ಡಿಜೆಗೆ ಜಾಗ ಕೊಟ್ಟುಬಿಟ್ಟಿದ್ದಾರೆ.

ಹೊರದೇಶಗಳಲ್ಲಿ ಬೀದಿ ಬದಿ ನಿಂತು ಗಿಟಾರ್ ನುಡಿಸಿ ಹಾಡುವವರು ಬಹಳ. ಅವರಿಗೂ ಇದೇ ತಾಪತ್ರಯ. ಗಿಟಾರಿನ ದನಿ ಸಣ್ಣದು, ರಸ್ತೆಯ ಸಪ್ಪಳ ದೊಡ್ಡದು, ಕರೆಂಟ್ ಇಲ್ಲ. ಅವರಿಗೆಂದೇ ಕಂಪನಿಗಳು ಬ್ಯಾಟರಿ ಆಂಪ್ಲಿಫೈಯರ್ ಮಾಡಿದವು. ರೋಲೆಂಡ್ ಕಂಪನಿಯ ಕ್ಯೂಬ್ ಸ್ಟ್ರೀಟ್ ಎಂಬುದು ಅಂಥದ್ದೊಂದು. ಗೋಡೆ ಗಡಿಯಾರಕ್ಕೆ ಹಾಕುವಂಥ 6 ಸೆಲ್ಲಿನಲ್ಲಿ ನಡೆಯುತ್ತದೆ. ಮೈಕಿಗೆ ಒಂದು ದಾರಿ, ಗಿಟಾರಿಗೆ ಬೇರೆ ದಾರಿ, ಎರಡಕ್ಕೂ ಬೇರೆ ಬೇರೆ ವಾಲ್ಯೂಮ್. ಅದರ ಶಕ್ತಿ ಎಷ್ಟು ಗೊತ್ತೇನು? ಬರೀ 5 ವ್ಯಾಟ್. ಸುತ್ತ ನಿಂತ ಜನರಿಗೆ ಹಾಡು ಕೇಳಿಸಲು ಅಷ್ಟು ಸಾಕೆಂದೇ ಅದನ್ನು ಮಾಡಿದ್ದು. ನಾವು ಅದನ್ನೇ ತರಿಸಬೇಕೆಂದಿಲ್ಲ, ಬೆಲೆಯೂ ಹೆಚ್ಚು. ಅದನ್ನು ಮಾಡಿದವರ ಲೆಕ್ಕಾಚಾರ ನಮಗೆ ಬೇಕು. ನಮ್ಮ ಏಕತಾರಿಯೂ ಗಿಟಾರಿನ ಹಾಗೆ ಮೆಲುದನಿಯ ತಂತಿವಾದ್ಯ.

ಆದರೆ ನಮ್ಮ ಪೇಟೆಯ ಅಂಗಡಿಗೆ ಹೋದರೆ ಮೊದಲ ಮಾತೇ "ಎಷ್ಟು ವ್ಯಾಟ್ ಬೇಕ್ರೀ?" ಡಬ್ಬಿಯ ಮೇಲೆ ಸಾವಿರಗಟ್ಟಲೆ ವ್ಯಾಟ್ ಅಂತ ಬರೆದಿರುತ್ತದೆ, ಪಕ್ಕದಲ್ಲಿ ಪಿಎಂಪಿಒ ಎಂದು ಸಣ್ಣ ಅಕ್ಷರ. ಆ ಲೆಕ್ಕಕ್ಕೆ ಅಳತೆಗೋಲೇ ಇಲ್ಲ, ಕಂಪನಿ ಬರೆದದ್ದೇ ಅಂಕಿ. ನೀವು ಕೇಳಬೇಕಾದದ್ದು ಆರ್‌ಎಂಎಸ್ ವ್ಯಾಟ್ ಎಷ್ಟು ಅಂತ. ಇನ್ನೊಂದು ತಿಳಿದಿರಲಿ, ವ್ಯಾಟ್ ಎರಡು ಪಟ್ಟಾದರೆ ಸಪ್ಪಳ ಎರಡು ಪಟ್ಟಾಗುವುದಿಲ್ಲ. 3 ಡೆಸಿಬಲ್ ಮಾತ್ರ ಏರುತ್ತದೆ, ಕಿವಿಗೆ ಸ್ವಲ್ಪವೇ ವ್ಯತ್ಯಾಸ. ಕಿವಿಗೆ ಎರಡು ಪಟ್ಟು ಅನ್ನಿಸಬೇಕೆಂದರೆ ವ್ಯಾಟ್ ಸುಮಾರು 10 ಪಟ್ಟು ಬೇಕು. ಹಾಗಾಗಿ 20 ವ್ಯಾಟಿನದರ ಬದಲು 40 ವ್ಯಾಟಿನದಕ್ಕೆ ಹೆಚ್ಚಿಗೆ ದುಡ್ಡು ಸುರಿದರೆ ಸಿಗುವುದು ಕಡಿಮೆ. ಗುಡಿ ಕಟ್ಟೆಯ ಮುಂದೆ ನೂರು ನೂರೈವತ್ತು ಮಂದಿ ಕುಂತರೆ 20ರಿಂದ 30 ಆರ್‌ಎಂಎಸ್ ವ್ಯಾಟಿನ ಒಳ್ಳೆಯ ಸ್ಪೀಕರ್ ಸಾಕು.

ಎರಡನೇ ಮೋಸ ಬಾಸಿನದು. ಎದೆ ನಡುಗಿಸುವ ಬಾಸ್ ಡಿಜೆ ಹಾಡಿಗೆ ಸರಿ. ಮಾತು ತಿಳಿಯಬೇಕಾದರೆ ನಡುವಿನ ದನಿ, ಮೇಲಿನ ದನಿ ಸ್ವಚ್ಛ ಇರಬೇಕು. ಟೆಲಿಫೋನ್ 300ರಿಂದ 3,400 ಹರ್ಟ್ಸ್ ತನಕದ ದನಿ ಮಾತ್ರ ಸಾಗಿಸುತ್ತಿತ್ತು, ಆದರೂ ಮಾತು ತಿಳಿಯುತ್ತಿತ್ತಲ್ಲ? ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗ ಸಿನಿಮಾ ಹಾಡು ಹಚ್ಚಿಸಬೇಡಿ. ಮೈಕ್ ಹಿಡಿದು ನೀವೇ ಒಂದು ಪದ ಹಾಡಿ, ಜೊತೆಗೆ ಬಂದವರನ್ನು ರಸ್ತೆಯ ಆಚೆ ನಿಲ್ಲಿಸಿ. ಅವರಿಗೆ ಪ್ರತಿ ಮಾತು ತಿಳಿದರೆ ಆ ಡಬ್ಬಿ ಕೊಳ್ಳಿ, ತಿಳಿಯದಿದ್ದರೆ ಬಿಡಿ.

ಬ್ಯಾಟರಿ ವಿಷಯ ನಮ್ಮ ರೈತರಿಗೆ ಹೊಸದಲ್ಲ. ತೊಗರಿಗೆ ಔಷಧಿ ಹೊಡೆಯುವ ಬ್ಯಾಟರಿ ಪಂಪಿನಲ್ಲಿ ಇರುವಂಥದ್ದೇ 12 ವೋಲ್ಟಿನ ಬ್ಯಾಟರಿ ಬಹಳಷ್ಟು ಟ್ರಾಲಿ ಸ್ಪೀಕರಿನಲ್ಲೂ ಇರುತ್ತದೆ. ಅದರ ಮೇಲೆ 12 ವೋಲ್ಟ್, 7 ಆಂಪಿಯರ್ ಅವರ್ ಎಂದು ಬರೆದಿದ್ದರೆ ಎರಡನ್ನೂ ಗುಣಿಸಿ, 84 ಬಂತು. ಸರಾಸರಿ 10 ವ್ಯಾಟ್ ಎಳೆದರೆ ಲೆಕ್ಕಕ್ಕೆ 8 ತಾಸು. ಪೂರ್ತಿ ಖಾಲಿ ಮಾಡಬಾರದು, ಹಾಗಾಗಿ 4-5 ತಾಸು ಎಂದು ಹಿಡಿಯಿರಿ. ಫುಲ್ ವಾಲ್ಯೂಮ್ ಇಟ್ಟರೆ ಅಷ್ಟೂ ಬರುವುದಿಲ್ಲ. ಹಂಗಾಮು ಮುಗಿದ ಮೇಲೆ ಪಂಪನ್ನು ಖಾಲಿ ಬ್ಯಾಟರಿ ಸಮೇತ ಮೂಲೆಗೆ ಒಗೆದರೆ ಮುಂದಿನ ವರ್ಷ ಅದು ಏಳುವುದಿಲ್ಲ. ಸ್ಪೀಕರಿನ ಕಥೆಯೂ ಅದೇ. ಬಳಸಲಿ, ಬಿಡಲಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ನಮ್ಮ ಬ್ಯಾಸಿಗಿ ಬಿಸಿಲೂ ಬ್ಯಾಟರಿಗೆ ವೈರಿ. ಪತ್ರಾಸಿನ ಕೆಳಗೆ, ಕಾರಿನ ಡಿಕ್ಕಿಯಲ್ಲಿ ಇಡಬೇಡಿ.

ಇನ್ನು ಇಡುವ ರೀತಿ. ಒಳ್ಳೆಯ ಡಬ್ಬಿ ತಂದರೂ ಇಡುವುದು ತಪ್ಪಿದರೆ ಕೆಟ್ಟದಾಗಿ ಕೇಳುತ್ತದೆ.

ನೆಲದ ಮೇಲೆ ಇಡಬೇಡಿ. ಮುಂದಿನ ಸಾಲಿನವರ ಮೈಯೇ ದನಿ ನುಂಗುತ್ತದೆ. ಸ್ಟೂಲ್ ಮೇಲೆ, ಕಟ್ಟೆ ಮೇಲೆ, ಕುಂತವರ ತಲೆಗಿಂತ ಸ್ವಲ್ಪ ಎತ್ತರಕ್ಕೆ ಇಡಿ.

ಡಬ್ಬಿ ಹಾಡುವವರಿಗಿಂತ ಮುಂದೆ ಇರಲಿ, ಮುಖ ಜನರ ಕಡೆ ಇರಲಿ. ಮೈಕಿನ ಹಿಂದೆ ಇಟ್ಟರೆ ಅದರ ದನಿ ಮತ್ತೆ ಮೈಕಿಗೆ ಹೋಗಿ ಕುಂಯ್ ಎನ್ನುತ್ತದೆ.

ಎಕೋ ಗುಂಡಿ ಸೊನ್ನೆಗೆ ತಿರುವಿ. ಎಕೋ ಇದ್ದರೆ ಒಂದು ಮಾತಿನ ಬಾಲ ಮುಂದಿನ ಮಾತಿನ ಮೇಲೆ ಬೀಳುತ್ತದೆ. ಬಾಸ್ ಕಡಿಮೆ ಮಾಡಿ.

ಮೈಕ್ ಬಾಯಿಂದ ನಾಲ್ಕು ಬೆರಳು ದೂರ ಇರಲಿ. ಏಕತಾರಿಗೆ ಬೇರೆ ಮೈಕ್ ಇಲ್ಲದಿದ್ದರೆ ವಾದ್ಯವನ್ನು ಮೈಕಿನ ಹತ್ತಿರ ಎತ್ತಿ ಹಿಡಿದರೂ ನಡೆಯುತ್ತದೆ. ತಾಳ, ದಮ್ಮಡಿಗೆ ಮೈಕ್ ಬೇಡವೇ ಬೇಡ, ಅವಕ್ಕೆ ತಮ್ಮದೇ ದನಿ ಸಾಕಷ್ಟಿದೆ.

ಏಕತಾರಿಗೆ, ಗಿಟಾರಿಗೆ ಅಂಟಿಸುವ ಸಣ್ಣ ಪಿಕಪ್ ಸಿಗುತ್ತವೆ. ಅದನ್ನು ಮೈಕಿನ ತೂತಿಗೆ ಚುಚ್ಚಿದರೆ ತಗಡು ಬಡಿದಂತೆ ಕೇಳುತ್ತದೆ. ಗಿಟಾರ್ ಎಂದು ಬರೆದ ತೂತು ಇರುವ ಡಬ್ಬಿಯನ್ನೇ ಆರಿಸಿ. ಹಾಡಲಿಕ್ಕೆ ಬ್ಲೂಟೂತ್ ನಂಬಬೇಡಿ, ದನಿ ಒಂದು ಗಳಿಗೆ ತಡವಾಗಿ ಬಂದು ತಾಳ ತಪ್ಪಿಸುತ್ತದೆ. ವೈರಿನ ಮೈಕೇ ಗಟ್ಟಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. "ಈಗಿರೋ ಸಪ್ಪಳಾನೇ ತಡಿಯಾಕ ಆಗ್ತಿಲ್ಲ, ಮತ್ತೊಂದು ಸ್ಪೀಕರ್ ಯಾಕ್ರೀ?" ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹತ್ತಿಪ್ಪತ್ತು ಮಂದಿ ಮಠದ ಪಡಸಾಲೆಯಲ್ಲಿ ದುಂಡಗೆ ಕುಂತು ಹಾಡುವಾಗ ಯಾವ ಯಂತ್ರವೂ ಬೇಡ. ಅಲ್ಲಿ ಬರೀ ಗಂಟಲೇ ಚಂದ. ಈ ಡಬ್ಬಿ ಬೇಕಾಗುವುದು ರಸ್ತೆ ಬದಿಯ ಗುಡಿಗೆ, ಜಾತ್ರೆಗೆ, ಮದುವೆ ಹಂದರಕ್ಕೆ, ಶಾಲೆಯ ಅಂಗಳಕ್ಕೆ. ಗುಡಿಯ ಮೇಲೆ ನಾಲ್ಕು ದಿಕ್ಕಿಗೆ ಕಟ್ಟಿದ ಹಾರ್ನ್ ಇಡೀ ಊರಿನ ನಿದ್ದೆ ಕೆಡಿಸುತ್ತದೆ. ಜನರ ಎದುರೇ ಇಟ್ಟ ಸಣ್ಣ ಡಬ್ಬಿಯ ದನಿ ದೂರ ಹೋದಂತೆ ಕರಗುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹಾರ್ನಿನ ಜಾಗಕ್ಕೆ ಡಬ್ಬಿ ಬಂದರೆ ಊರಿನ ಸಪ್ಪಳ ಇಳಿಯುತ್ತದೆ.

ಕಾನೂನು ಇದಕ್ಕೂ ಇದೆ, ಬ್ಯಾಟರಿ ಎಂದು ರಿಯಾಯಿತಿ ಇಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಹಚ್ಚುವಂತಿಲ್ಲ. ಜನವಸತಿ ಜಾಗದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ 45. ಶಿವರಾತ್ರಿಯ ಜಾಗರಣೆಯ ಭಜನೆಯಾದರೂ 10 ಗಂಟೆಗೆ ಡಬ್ಬಿ ಬಂದ್ ಮಾಡಿ, ಹತ್ತಿರ ಸರಿದು ಕುಂತು ಬಾಯಲ್ಲೇ ಹಾಡಿ. ಹಾಗೆ ಮಾಡಿದ ಮಂಡಳಿಗೆ ಡಿಜೆಯವರ ಮುಂದೆ ನಿಂತು "ನೀವೂ ಬಂದ್ ಮಾಡ್ರಿ" ಎನ್ನುವ ಹಕ್ಕು ಇರುತ್ತದೆ.

ಕೊನೆಗೆ ದುಡ್ಡಿನ ಮಾತು. ಕೂಲಿ ಮಾಡಿ, ಹೊಲ ಮಾಡಿ ಸಂಜೆ ಹಾಡುವವರಿಗೆ ಕೆಲವು ಸಾವಿರವೂ ದೊಡ್ಡದೇ. ಇದು ಒಬ್ಬರ ಮನೆಯಲ್ಲಿ ಇರಬೇಕಾದ ವಸ್ತುವೂ ಅಲ್ಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಪುಸ್ತಕ ಕೊಡುವ ಹಾಗೆ ಇದನ್ನೂ ಕೊಡಬಹುದು. ಒಂದು ಡಬ್ಬಿ, ಎರಡು ಮೈಕ್, ಒಂದು ರಿಜಿಸ್ಟರ್. ಇವತ್ತು ಭಜನೆ ಮಂಡಳಿ, ನಾಳೆ ತಾಂಡಾದ ಹೆಣ್ಣುಮಕ್ಕಳು, ನಾಡಿದ್ದು ಗಿಟಾರ್ ಕಲಿಯುವ ಕಾಲೇಜು ಹುಡುಗರು. ತಂದು ಕೊಡುವಾಗ ಚಾರ್ಜ್ ಮಾಡಿ ಕೊಡಬೇಕು ಎಂಬುದೊಂದೇ ಷರತ್ತು. ಯಾವ ಜಾತಿಯ ಓಣಿ ಕೇಳಿದರೂ ಸಾಲಿನ ಪ್ರಕಾರ ಕೊಡಬೇಕು, ಇದನ್ನು ರಿಜಿಸ್ಟರಿನ ಮೊದಲ ಪುಟದಲ್ಲೇ ಬರೆದಿಡಬೇಕು.

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲಿ ಕಲಾವಿದರಿಗೆ ವಾದ್ಯ ಪರಿಕರ ಕೊಳ್ಳಲು ಧನಸಹಾಯ ಕೊಡುವ ಯೋಜನೆ ಇದೆ. ಹಾರ್ಮೋನಿಯಂ, ತಬಲಾ ವಾದ್ಯವಾದರೆ ಈ ಡಬ್ಬಿಯನ್ನೂ ವಾದ್ಯವೆಂದೇ ಎಣಿಸಲಿ. ಲಾರಿ ಓಡಾಡುವ ರಸ್ತೆಯ ಬದಿ ಏಕತಾರಿಯನ್ನು ಕೇಳಿಸುವಂತೆ ಮಾಡುವುದು ಅದೇ ತಾನೆ?

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ನೀರಿನ ಮಾತು ಮುಗಿದ ಮೇಲೆ ಎದ್ದು ನಿಂತು ಇದೊಂದು ಮಾತು ಕೇಳಿ. ಬರೀ ಬಾಯಿಮಾತಿನಲ್ಲಿ ಬಿಡಬೇಡಿ, ನಡಾವಳಿಯಲ್ಲಿ ಬರೆಸಿ. ನಿಮ್ಮೂರಿನಲ್ಲಿ ಇನ್ನೂ ಹಾಡುವ ಅಜ್ಜ, ಅಜ್ಜಿ ಇದ್ದರೆ ಅವರನ್ನೂ ಸಭೆಗೆ ಕರೆದುಕೊಂಡು ಹೋಗಿ. ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಅವರೇ ಒಂದು ಪದ ಹಾಡಿ ಉತ್ತರ ಹೇಳುತ್ತಾರೆ.