ನಾನು ಮೆಚ್ಚಿದ ಮೂರು ಬಯಲುಗಳು

ಕನ್ನಡ ಕಲಿಸುವವನಿಗೆ ಗಾಲ್ಫಿನ ಗೊಡವೆ ಏಕೆಂದು ಕೇಳುವವರುಂಟು. ನಡೆಯಲು ನೆಲ, ನೋಡಲು ಆಕಾಶ ದೊರೆಯುವ ಆಟ ಯಾರಿಗೆ ಬೇಡ? ಕಳೆದೊಂದು ವರ್ಷದಲ್ಲಿ ನಾನು ಆಡಿದ ಮೈದಾನಗಳಲ್ಲಿ ಮೂರು ಮನಸ್ಸಿನಲ್ಲಿ ನಿಂತಿವೆ. 1876ರಲ್ಲಿ ಆರಂಭವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನದು ಹಿರಿತನದ ಚೆಲುವು. ಊರು ಸುತ್ತಲೂ ಒತ್ತಿ ಬಂದರೂ ಅಲ್ಲಿಯ ಮರಗಳು ನೆರಳನ್ನು ಬಿಟ್ಟುಕೊಟ್ಟಿಲ್ಲ. ಮಡಿಕೇರಿಯದು ಏರಿಳಿತದ ಚೆಲುವು. ಅಲ್ಲಿ ಚೆಂಡಿಗಿಂತ ಮೊದಲು ಮಂಜೇ ಗುಳಿಯನ್ನು ಸೇರುತ್ತದೆ. ಆದರೆ ನನಗೆ ಎಲ್ಲಕ್ಕಿಂತ ಪ್ರಿಯವಾದುದು ಚಾಮುಂಡಿ ಬೆಟ್ಟದ ಅಡಿಯಲ್ಲಿ ಜಯಚಾಮರಾಜೇಂದ್ರ ಒಡೆಯರ ಹೆಸರು ಹೊತ್ತ ನಮ್ಮ ಮೈಸೂರಿನ ಬಯಲು. ಚೆಂಡು ದಾರಿ ತಪ್ಪಿದಾಗ ಕಣ್ಣೆತ್ತಿದರೆ ಬೆಟ್ಟವಿದೆ, ಸೋಲು ಸಣ್ಣದಾಗುತ್ತದೆ.

ಆದರೂ ಚೆಲುವೊಂದೇ ಅಳತೆಗೋಲಾಗಬಾರದು. ಬೆಂಗಳೂರಿನಲ್ಲಿ ಆಟಗಾರರ ಚೀಲ ಹೊರುತ್ತಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಚೀಲ ಹೊರುವ ಕೈಗೆ ಕೋಲು ಸಿಕ್ಕುವ ಆ ದಾರಿ ಎಲ್ಲೆಡೆಯೂ ಅಗಲವಾಗಬೇಕು. ನಗರದ ನಡುವೆ ಇಷ್ಟು ನೆಲ, ಇಷ್ಟು ನೀರು ಕೆಲವರ ಆಟಕ್ಕೆ ಮೀಸಲಾಗಿರುವಾಗ, ವಾರಕ್ಕೊಂದು ಬೆಳಗ್ಗೆಯಾದರೂ ಸರಕಾರಿ ಶಾಲೆಯ ಮಕ್ಕಳಿಗೆ ಬಾಗಿಲು ತೆರೆಯುವುದು ಊರಿನ ಋಣವನ್ನು ತೀರಿಸುವ ಬಗೆ. ಮೈಸೂರು ಇದರಲ್ಲಿ ಮುಂದಾದರೆ, ನನ್ನ ಪಕ್ಷಪಾತಕ್ಕೆ ನ್ಯಾಯವೂ ಜೊತೆಯಾದೀತು.