ಚೆಂಡು ಪುಟಿಯೋದನ್ನು ಯಾರು ಕಲಿಸಬೇಕು?

ಬ್ಲಾಗ್ ಕಡೆ ತಲೆ ಹಾಕಿ ತುಂಬಾ ದಿನ ಆಯ್ತು. ರಿಲೀಸು, ಬಗ್ಗು, ಮತ್ತೆ ರಿಲೀಸು... ನಮ್ಮ ಪಾಡು ನಿಮಗೆ ಗೊತ್ತೇ ಇದೆ. ಇವತ್ತು ಬರೀತಿರೋದು ಮಾತ್ರ ಸಿಟ್ಟಿನಿಂದ. ಭಾಷೆ ಸ್ವಲ್ಪ ಖಾರವಾದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನನ್ನ ಚಿಕ್ಕಪ್ಪನ ಮಗ ಚಿಕ್ಕಂದಿನಿಂದ ಚೆನ್ನಾಗಿ ಚಿತ್ರ ಬರೀತಾನೆ. ನೋಟ್‌ಬುಕ್ಕಿನ ಅಂಚಿನಲ್ಲಿ ಪುಟಪುಟಕ್ಕೂ ಒಂದೊಂದು ಕೋಳಿ ಬರೆದು, ಪುಟಗಳನ್ನು ಬರ್‍ರಂತ ಬಿಟ್ಟು, ಕೋಳಿ ಓಡೋದನ್ನು ತೋರಿಸಿ ನಗಿಸ್ತಿದ್ದ. ಪಿಯುಸಿ ಮುಗಿದ ಮೇಲೆ ‘ಅಣ್ಣಾ, ಅನಿಮೇಶನ್ ಕಲೀಬೇಕು’ ಅಂದ. ಬೆಂಗಳೂರಿನಲ್ಲಿರೋ ಇಂಜಿನಿಯರ್ ಅಣ್ಣ ನಾನು, ಎಲ್ಲಾ ಗೊತ್ತಿರೋನು! ಒಂದು ಸಂಸ್ಥೆಯ ಬಣ್ಣದ ಬ್ರೋಶರ್ ನೋಡಿದೆ. ಎಸಿ ಲ್ಯಾಬು, ಹೊಸಾ ಕಂಪ್ಯೂಟರು, ನೂರಕ್ಕೆ ನೂರು ಪ್ಲೇಸ್‌ಮೆಂಟು. ‘ಸೇರಿಸಿ ಚಿಕ್ಕಪ್ಪ, ಒಳ್ಳೇ ಸ್ಕೋಪ್ ಇದೆ’ ಅಂದವನು ನಾನೇ. ಚಿಕ್ಕಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಫೀಸು ಕಟ್ಟಿದರು.

ಎಂಟು ತಿಂಗಳಾದ ಮೇಲೆ ಅವನ ರೂಮಿಗೆ ಹೋಗಿದ್ದೆ. ಲ್ಯಾಪ್‌ಟಾಪಿನಲ್ಲಿ ಒಂದು ಚೆಂಡು ಪುಟೀತಾ ಇತ್ತು. ಅನಿಮೇಶನ್ ಕಲಿಯೋರಿಗೆ ಇದು ಅ ಆ ಇ ಈ ಇದ್ದ ಹಾಗೆ. ಆದ್ರೆ ಆ ಚೆಂಡು ನೆಲ ಮುಟ್ಟೋ ಮೊದಲೇ ನಿಧಾನ ಆಗಿ, ನೀರಲ್ಲಿ ಮುಳುಗಿ ಎದ್ದಂಗೆ ಏಳ್ತಿತ್ತು. ‘ಯಾಕೋ ಹೀಗೆ?’ ಅಂದೆ. ‘ಗೊತ್ತಿಲ್ಲಣ್ಣ. ಸರ್‌ನ ಕೇಳ್ದೆ, ರೆಂಡರ್ ಕ್ವಾಲಿಟಿ ಜಾಸ್ತಿ ಮಾಡು ಅಂದ್ರು’ ಅಂದ.

ನಾನು ಅನಿಮೇಟರ್ ಅಲ್ಲ. ಆದ್ರೂ ಚೆಂಡು ತೇಲೋದಕ್ಕೂ ರೆಂಡರಿಗೂ ಸಂಬಂಧ ಇಲ್ಲ ಅನ್ನೋಷ್ಟು ಬುದ್ಧಿ ಇದೆ. ವಿಚಾರಿಸಿದಾಗ ತಿಳೀತು, ಆ ‘ಸರ್’ ಅದೇ ಸಂಸ್ಥೆಯ ಹಿಂದಿನ ಬ್ಯಾಚಿನ ಹುಡುಗ. ಯಾವ ಸ್ಟುಡಿಯೋದಲ್ಲೂ ಒಂದು ಶಾಟ್ ಮಾಡಿದವನಲ್ಲ. ಅವನಿಗೆ ಕಲಿಸಿದ್ದು ಅದಕ್ಕಿಂತ ಹಿಂದಿನ ಬ್ಯಾಚಿನ ಹುಡುಗ. ಜೆರಾಕ್ಸಿನ ಜೆರಾಕ್ಸು!

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನೂ ಮೋಸ ಹೋದವನೇ. ನನ್ನ ಜಗಳ ಇರೋದು ಒಂದು ನಂಬಿಕೆ ಜೊತೆ: ಸಾಫ್ಟ್‌ವೇರಿನ ಮೆನು ಗೊತ್ತಿದ್ರೆ ಸಾಕು, ಕಲೆ ಕಲಿಸಬಹುದು ಅನ್ನೋ ನಂಬಿಕೆ. ಇದರ ಅಣ್ಣ ಇನ್ನೊಂದಿದೆ: ಕೆಲಸ ಬರೋನು ಕೆಲಸ ಮಾಡ್ತಾನೆ, ಬಾರದವನು ಮೇಷ್ಟ್ರಾಗ್ತಾನೆ. ಅನಿಮೇಶನ್ನಿನ ಚರಿತ್ರೆ ನೋಡಿದ್ರೆ ಎರಡೂ ಸುಳ್ಳು.

1932ಕ್ಕೆ ಹೋಗೋಣ. ಆರ್ಟ್ ಬ್ಯಾಬಿಟ್ ಆಗ ಡಿಸ್ನಿ ಸ್ಟುಡಿಯೋದಲ್ಲಿ ಅನಿಮೇಟರ್. ಸಂಬಳ ಬರ್‍ತಿತ್ತು, ಸುಮ್ಮನಿರಬಹುದಿತ್ತು. ಆತ ತನ್ನ ಮನೆಯಲ್ಲೇ ಮಾಡೆಲ್ ಕರೆಸಿ ಚಿತ್ರ ಬರೆಯೋ ಕ್ಲಾಸ್ ಶುರು ಮಾಡಿದ, ಸಹೋದ್ಯೋಗಿಗಳು ಬಂದು ಕೂತರು. ವಾಲ್ಟ್ ಡಿಸ್ನಿ ಅದನ್ನು ಸ್ಟುಡಿಯೋಗೇ ತಂದು, ಶುನಾರ್ಡ್ ಕಲಾಶಾಲೆಯ ಡಾನ್ ಗ್ರಹಾಮ್ ಅವರನ್ನು ಮೇಷ್ಟ್ರಾಗಿ ಕರೆಸಿದ. ಐದು ವರ್ಷ ಆದ ಮೇಲೆ, 1937ರಲ್ಲಿ, ‘ಸ್ನೋ ವೈಟ್’ ಬಂತು.

‘ಡಾನ್ ಗ್ರಹಾಮ್ ಅನಿಮೇಟರ್ ಅಲ್ವಲ್ಲ?’ ಅಂತ ಯಾರಾದ್ರೂ ಕಾಮೆಂಟ್ ಹಾಕೋ ಮೊದಲೇ ಒಪ್ಕೊಂಡುಬಿಡ್ತೀನಿ :) ಅಲ್ಲ. ಆದ್ರೆ ಅವರು ಗಟ್ಟಿ ಡ್ರಾಯಿಂಗ್ ಮೇಷ್ಟ್ರು, ಕಲಿಸಿದ್ದು ದಿನಾ ಸಿನಿಮಾ ತಯಾರಾಗ್ತಿದ್ದ ಜಾಗದಲ್ಲಿ. ತಪ್ಪು ಹೇಳಿಕೊಟ್ರೆ ತೆರೆಯ ಮೇಲೆ ಗೊತ್ತಾಗ್ತಿತ್ತು. ನಮ್ಮ ‘ಲ್ಯಾಬ್’ಗಳಲ್ಲಿ ಇಲ್ಲದಿರೋದು ಅದೇ. ಅಲ್ಲಿ ತಪ್ಪನ್ನು ತಪ್ಪು ಅನ್ನೋರು ಯಾರೂ ಇಲ್ಲ.

ಈಗ ಲಂಡನ್ನಿಗೆ ಬನ್ನಿ. ರಿಚರ್ಡ್ ವಿಲಿಯಮ್ಸ್ ‘ಎ ಕ್ರಿಸ್‌ಮಸ್ ಕ್ಯಾರಲ್’ ಚಿತ್ರಕ್ಕೆ 1973ರಲ್ಲಿ ಆಸ್ಕರ್ ತಗೊಂಡ. ನಾವಾಗಿದ್ರೆ ವಿಸಿಟಿಂಗ್ ಕಾರ್ಡಿನ ಮೇಲೆ ಅಚ್ಚು ಹಾಕಿಸ್ಕೊಂಡು ಓಡಾಡ್ತಿದ್ವಿ. ಆತ ಆ ಕಾಲದಲ್ಲೇ ಅದೇ ಆರ್ಟ್ ಬ್ಯಾಬಿಟ್‌ನನ್ನು ತನ್ನ ಸ್ಟುಡಿಯೋಗೆ ಕರೆಸಿ, ತನ್ನವರನ್ನೆಲ್ಲ ಕೂರಿಸಿ, ತಾನೂ ವಿದ್ಯಾರ್ಥಿಯಾಗಿ ಕೂತು ಪಾಠ ಕೇಳಿದ. ವಾರ್ನರ್ ಬ್ರದರ್ಸಿನಲ್ಲಿ ಬಗ್ಸ್ ಬನ್ನಿಯನ್ನು ಕುಣಿಸಿದ ಕೆನ್ ಹ್ಯಾರಿಸ್ ಕೈಕೆಳಗೂ ಕಲಿತ. ‘ಹೂ ಫ್ರೇಮ್ಡ್ ರಾಜರ್ ರ್‍ಯಾಬಿಟ್’ (1988) ಚಿತ್ರಕ್ಕೆ ಮತ್ತೆ ಆಸ್ಕರ್. ಇಪ್ಪತ್ತಕ್ಕೂ ಹೆಚ್ಚು ವರ್ಷ ಒದ್ದಾಡಿದ ‘ದ ಥೀಫ್ ಅಂಡ್ ದ ಕಾಬ್ಲರ್’ ಚಿತ್ರವನ್ನು 1992ರಲ್ಲಿ ಅವನ ಕೈಯಿಂದ ಕಿತ್ಕೊಂಡರು. ಬೇರೆಯವರಾಗಿದ್ರೆ ಮೂಲೆ ಸೇರ್ತಿದ್ರು. ಈತ ಊರೂರಿನಲ್ಲಿ ಮಾಸ್ಟರ್‌ಕ್ಲಾಸ್ ಮಾಡಿದ. ಅದೇ ಪಾಠಗಳಿಂದ 2001ರಲ್ಲಿ ‘ದ ಅನಿಮೇಟರ್ಸ್ ಸರ್ವೈವಲ್ ಕಿಟ್’ ಪುಸ್ತಕ ಬಂತು. ಬ್ಯಾಬಿಟ್ ಮತ್ತು ಹ್ಯಾರಿಸ್‌ರಿಂದ ಪಡೆದದ್ದನ್ನು ಮುಂದಿನವರಿಗೆ ದಾಟಿಸಿ, 2019ರಲ್ಲಿ ತೀರಿಕೊಂಡ. ಇದು ಕೆಲಸ ಬಾರದವನು ಮೇಷ್ಟ್ರಾದ ಕಥೆಯಾ?

ಇಷ್ಟು ದೂರ ಯಾಕೆ, ನಮ್ಮ ದೇಶದ್ದೇ ನೋಡಿ. 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಜನ್ನಿಗೆ ಕ್ಲೇರ್ ವೀಕ್ಸ್ ಅನ್ನೋ ಡಿಸ್ನಿ ಅನಿಮೇಟರ್ ತರಬೇತಿ ಕೊಡೋಕೆ ಬಂದರು. ಮಿಶನರಿ ದಂಪತಿಗಳ ಮಗ, ಹುಟ್ಟಿದ್ದು ಭಾರತದಲ್ಲೇ. ಪಾಠ ಕೇಳಿದವರಲ್ಲಿ ಕೆಮಿಸ್ಟ್ರಿ ಓದಿದ್ದ 25ರ ಹುಡುಗ ರಾಮ್ ಮೋಹನ್ ಕೂಡ ಒಬ್ಬರು. ಮರುವರ್ಷವೇ ‘ದ ಬನಿಯನ್ ಡೀರ್’ ಅನ್ನೋ ಜಾತಕ ಕಥೆಯ ಚಿತ್ರ ಬಂತು. ಸತ್ಯಜಿತ್ ರಾಯ್ ಅವರ ‘ಶತ್ರಂಜ್ ಕೆ ಖಿಲಾಡಿ’ (1977) ಸಿನಿಮಾದಲ್ಲಿ ಬರೋ ಅನಿಮೇಶನ್ ತುಣುಕು ರಾಮ್ ಮೋಹನ್‌ರದ್ದೇ. ಜಪಾನಿನ ಯುಗೋ ಸಾಕೋ ಜೊತೆ ಮಾಡಿದ ರಾಮಾಯಣ ನಮ್ಮಲ್ಲಿ ಎಷ್ಟೋ ಜನ ಟಿವಿಯಲ್ಲಿ ಬಾಯಿ ಬಿಟ್ಕೊಂಡು ನೋಡಿದ್ದೇವೆ. ಅವರೂ ಆಮೇಲೆ ಹುಡುಗರಿಗೆ ಕಲಿಸೋಕೆ ಕೂತರು. ಒಬ್ಬ ಕೈ ಪಳಗಿದ ಮೇಷ್ಟ್ರು ಬಂದಿದ್ದಕ್ಕೆ ಒಂದು ದೇಶಕ್ಕೇ ಇಷ್ಟು ಸಿಕ್ಕಿತು.

ಕೆಲಸ ಮಾಡಿದವನು ಕಲಿಸಿದ್ರೆ ಅಂಥದ್ದೇನು ಬರುತ್ತೆ? ನಮ್ಮ ಚೆಂಡಿಗೇ ಬರೋಣ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು. ಚೆಂಡು ಮೇಲಿಂದ ನೆಲಕ್ಕೆ ಬೀಳೋಕೆ ಎಷ್ಟು ಫ್ರೇಮು ಅನ್ನೋದು ಟೈಮಿಂಗು. ಆ ಫ್ರೇಮುಗಳಲ್ಲಿ ಚೆಂಡು ಎಲ್ಲೆಲ್ಲಿರುತ್ತೆ ಅನ್ನೋದು ಸ್ಪೇಸಿಂಗು. ಮೇಲೆ ತುದಿಯಲ್ಲಿ ಚಿತ್ರಗಳು ಒತ್ತೊತ್ತಾಗಿರಬೇಕು, ಕೆಳಗೆ ಬಂದಂತೆ ದೂರದೂರ ಆಗಬೇಕು. ನಾವು ನೆಲ ಮುಟ್ಟೋ ಜಾಗದಲ್ಲಿ ಒಂದು ಕೀ ಇಟ್ರೆ, ಕಂಪ್ಯೂಟರ್ ತನ್ನಷ್ಟಕ್ಕೆ ಅಲ್ಲೂ ನುಣುಪಾದ ತಿರುವು ಹಾಕಿಬಿಡುತ್ತೆ. ಅದಕ್ಕೇ ಚೆಂಡು ನೆಲದ ಹತ್ತಿರ ಸಂಕೋಚ ಪಡೋದು :) ಆ ತಿರುವನ್ನು ಮುರಿದು ಚೂಪು ಮಾಡಿದ್ರೆ ಚೆಂಡು ಟಪ್ಪಂತ ಬಡಿದು ಹಾರುತ್ತೆ.

ಇದನ್ನು ನನಗೆ ಹೇಳಿಕೊಟ್ಟಿದ್ದು ಸ್ಟುಡಿಯೋ ಒಂದರಲ್ಲಿ ಹನ್ನೆರಡು ವರ್ಷದಿಂದ ದುಡೀತಿರೋ ಗೆಳೆಯರೊಬ್ಬರು. ನನ್ನ ತಮ್ಮನ ಚೆಂಡನ್ನು ನೋಡಿ ಎರಡೇ ನಿಮಿಷದಲ್ಲಿ ಕಾರಣ ಹೇಳಿದರು. ಆಮೇಲೆ ಕಂಪ್ಯೂಟರ್ ಮುಚ್ಚಿಸಿ, ‘ಒಂದು ರಬ್ಬರ್ ಚೆಂಡು, ಒಂದು ನಿಂಬೆಹಣ್ಣು ತಗೊಂಡು ಮೆಟ್ಟಿಲ ಮೇಲಿಂದ ಬಿಡು. ನೋಡಿ ಬರಿ’ ಅಂದರು. ಎಂಟು ತಿಂಗಳ ಫೀಸಿನಲ್ಲಿ ಸಿಗದ ಪಾಠ ಒಂದು ನಿಂಬೆಹಣ್ಣಿನಲ್ಲಿ ಸಿಕ್ತು!

‘ಯೂಟ್ಯೂಬಿನಲ್ಲಿ ಎಲ್ಲಾ ಪುಕ್ಕಟೆ ಇದೆಯಲ್ಲ’ ಅಂತೀರಿ. ಇದೆ, ನಾನೂ ನೋಡ್ತೀನಿ. ಆದ್ರೆ ಯೂಟ್ಯೂಬು ನಿಮ್ಮ ಚೆಂಡನ್ನು ನೋಡೋದಿಲ್ಲ. ಈಜೋ ವಿಡಿಯೋ ಎಷ್ಟು ನೋಡಿದ್ರೂ ಕೆರೆಯಲ್ಲಿ ಹೊಟ್ಟೆ ಕೆಳಗೆ ಕೈ ಕೊಡೋಕೆ ಒಬ್ಬ ಬೇಕು. ‘ಇನ್ಮೇಲೆ ಎಐ ಎಲ್ಲಾ ಮಾಡುತ್ತೆ, ಕಲಿಯೋದು ಯಾಕೆ’ ಅನ್ನೋರೂ ಇದ್ದಾರೆ. ಅದು ಹತ್ತು ಚೆಂಡು ಪುಟಿಸಿ ಕೊಟ್ಟಾಗ ಯಾವುದು ತೇಲ್ತಿದೆ ಅಂತ ಹೇಳೋ ಕಣ್ಣು ಎಲ್ಲಿಂದ ತರ್‍ತೀರಿ?

‘ದೊಡ್ಡ ಕಲಾವಿದರೆಲ್ಲ ಒಳ್ಳೇ ಮೇಷ್ಟ್ರಲ್ಲ’ ಅನ್ನೋದೂ ನಿಜ. ಕಲಿಸೋದು ಬೇರೇ ವಿದ್ಯೆ. ಆದ್ರೆ ಅದು ಕೆಲಸದ ಮೇಲೆ ಕೂಡೋ ವಿದ್ಯೆ, ಕೆಲಸದ ಬದಲಿಗೆ ಬರೋದಲ್ಲ. 2005ರಲ್ಲಿ ಬಾಬಿ ಬೆಕ್, ಕಾರ್ಲೋಸ್ ಬೇನಾ, ಶಾನ್ ಕೆಲ್ಲಿ ಅನ್ನೋ ಮೂವರು ಅನಿಮೇಟರುಗಳು ‘ಅನಿಮೇಶನ್ ಮೆಂಟರ್’ ಅಂತ ಆನ್‌ಲೈನ್ ಶಾಲೆ ಶುರು ಮಾಡಿದರು. ಸ್ಟುಡಿಯೋಗಳಲ್ಲಿ ದುಡಿಯೋರೇ ವಿದ್ಯಾರ್ಥಿಗಳ ಕೆಲಸ ನೋಡಿ ತಿದ್ದೋ ಕ್ರಮ. ದಾರಿ ಇದೆ, ಆದ್ರೆ ಡಾಲರ್ ಲೆಕ್ಕ, ಇಂಗ್ಲಿಷ್ ಪಾಠ. ನಮ್ಮೂರ ಹುಡುಗರಿಗೆ ಎರಡೂ ಭಾರ.

ಅದಕ್ಕೇ ನನ್ನ ಎರಡು ಮಾತು.

ಮೊದಲನೇದು ಅಪ್ಪ ಅಮ್ಮಂದಿರಿಗೆ, ನನ್ನಂಥ ‘ಎಲ್ಲಾ ಗೊತ್ತಿರೋ’ ಅಣ್ಣಂದಿರಿಗೆ. ಫೀಸು ಕಟ್ಟೋ ಮೊದಲು ಲ್ಯಾಬ್ ನೋಡಬೇಡಿ, ಮೇಷ್ಟ್ರನ್ನು ನೋಡಿ. ‘ನೀವು ಮಾಡಿದ ಶಾಟ್ ತೋರಿಸಿ’ ಅನ್ನಿ. ‘ವಾರಕ್ಕೆ ಎಷ್ಟು ಸಲ ಇವನ ಕೆಲಸ ತಿದ್ದುತ್ತೀರಿ?’ ಅಂತ ಕೇಳಿ. ‘ಈ ಸಾಫ್ಟ್‌ವೇರ್ ನಾಳೆ ಸತ್ರೆ ಇವನಿಗೆ ಏನು ಉಳಿಯುತ್ತೆ?’ ಅಂತಾನೂ ಕೇಳಿ. 2020ರ ಕೊನೆಗೆ ಫ್ಲ್ಯಾಶ್ ಪ್ಲೇಯರ್ ಕಣ್ಮುಚ್ಚಿತು. ಫ್ಲ್ಯಾಶ್ ಗುಂಡಿಗಳನ್ನಷ್ಟೇ ಕಲಿತವರಿಗೆ ಏನು ಉಳೀತು?

ಎರಡನೇದು ಬೆಂಗಳೂರಿನ ಸ್ಟುಡಿಯೋಗಳಲ್ಲಿರೋ ಕನ್ನಡದ ಅನಿಮೇಟರುಗಳಿಗೆ. ನಿಮಗೆ ಟೈಮಿಲ್ಲ ಅಂತ ಗೊತ್ತು, ಡೆಡ್‌ಲೈನ್ ನಮಗೂ ಇದೆ. ಆದ್ರೂ ತಿಂಗಳಿಗೊಂದು ಭಾನುವಾರ, ಒಬ್ಬನೇ ಹುಡುಗ, ಒಬ್ಬಳೇ ಹುಡುಗಿ ಸಾಕು. ಕನ್ನಡದಲ್ಲಿ ಹೇಳಿಕೊಡಿ. ನೀವು ಕೂರದ ಕುರ್ಚಿಯಲ್ಲೇ ಆ ಜೆರಾಕ್ಸ್ ಮೇಷ್ಟ್ರು ಬಂದು ಕೂರೋದು.

ನನ್ನ ತಮ್ಮ ಈಗ ರೋಟೋ ಕೆಲಸದಲ್ಲಿದ್ದಾನೆ, ರಾತ್ರಿ ಪಾಳಿ. ಬೇರೆಯವರ ಸಿನಿಮಾದ ನಾಯಕನ ಸುತ್ತ ಫ್ರೇಮ್ ಫ್ರೇಮಿಗೂ ಗೆರೆ ಎಳೆಯೋದು. ಇದೇ ಆ ‘ನೂರಕ್ಕೆ ನೂರು’. ಸಾಲ ಇನ್ನೂ ತೀರಿಲ್ಲ. ಚಿಕ್ಕಪ್ಪ ನನ್ನನ್ನು ಏನೂ ಅಂದಿಲ್ಲ, ಅದೇ ಹೆಚ್ಚು ಚುಚ್ಚುತ್ತೆ. ಭಾನುವಾರ ಮಾತ್ರ ಅವನು ಆ ಗೆಳೆಯರ ಮನೆಗೆ ಹೋಗ್ತಾನೆ. ಮೊನ್ನೆ ರಾತ್ರಿ ಮೊಬೈಲಿಗೆ ಒಂದು ವಿಡಿಯೋ ಕಳಿಸಿದ್ದ. ಮೆಟ್ಟಿಲ ಮೇಲಿಂದ ಒಂದು ನಿಂಬೆಹಣ್ಣು ಬೀಳುತ್ತೆ, ಮಂಕಾಗಿ ಎರಡು ಸಲ ಪುಟಿದು, ಉರುಳಿ, ಗೋಡೆಗೆ ತಾಗಿ ನಿಲ್ಲುತ್ತೆ. ಮೂರೇ ಸೆಕೆಂಡು. ಭಾರ ಇತ್ತು ಅದಕ್ಕೆ.

ನಿಮಗೆ ಕೆಲಸ ಕಲಿಸಿದವರು ಯಾರು, ಅವರು ಕೆಲಸ ಮಾಡಿದವರಾ? ಕಾಮೆಂಟಿಸಿ. ಬೈಯೋದಿದ್ರೂ ಬೈಯಿರಿ, ಓದ್ತೀನಿ.