ಬಾಣಂತಿ ಕೋಣೆಗೆ ನಾಲ್ಕೇ ಜನ ಸಾರ್!

ನಮ್ಮ ಕರಾವಳಿಯಲ್ಲಿ ತಿಮಿಂಗಿಲ ಸುದ್ದಿಯಾಗುವುದು ಎರಡೇ ಸಲ. ಸತ್ತ ತಿಮಿಂಗಿಲ ದಡಕ್ಕೆ ಬಂದು ಬಿದ್ದಾಗ ಒಂದು. ‘ತಿಮಿಂಗಿಲ ವಾಂತಿ’ ಮಾರಲು ಹೊರಟವರು ಪೊಲೀಸರ ಕೈಗೆ ಸಿಕ್ಕಾಗ ಇನ್ನೊಂದು. ಎರಡನ್ನೂ ನಾವು ಬರೆದಿದ್ದೇವೆ. ಮೂಗು ಮುಚ್ಚಿಕೊಂಡು ಫೋಟೊ ತೆಗೆದು ಕಳಿಸಿದ್ದೇವೆ. ಈಗ ಮೂರನೆಯದೊಂದು ಬಂದಿದೆ. ಅದು ರೀಲ್.

ನೀವೂ ನೋಡಿರುತ್ತೀರಿ. ಗಾಜಿನಂಥ ನೀಲಿ ನೀರು. ನಮ್ಮ ಕೆಂಪು ಬಸ್ಸಿಗಿಂತ ಉದ್ದದ ತಾಯಿ ತಿಮಿಂಗಿಲ, ಅದರ ಮಗ್ಗುಲಿಗೆ ಒಂದು ಮರಿ. ಎದುರಿಗೆ ಮುಖವಾಡ, ಉಸಿರಿನ ಕೊಳವೆ, ಕಾಲಿಗೆ ರಬ್ಬರ್ ರೆಕ್ಕೆ ಕಟ್ಟಿಕೊಂಡ ನಾಲ್ಕು ಜನ. ಕೆಳಗೆ ಬರಹ: ಸಣ್ಣ ಗುಂಪು ಮಾತ್ರ, ಪರಿಸರಸ್ನೇಹಿ, ಜೀವನದಲ್ಲಿ ಒಮ್ಮೆಯಾದರೂ. ಊರು ಟೊಂಗಾ.

‘ಟೊಂಗಾಕ್ಕೆ ನಮ್ಮೂರಿನವರು ಯಾರು ಹೋಗ್ತಾರೆ ಮಾರಾಯ್ರೆ, ನಿಮಗೆ ಬರೆಯಲು ಬೇರೆ ವಿಷಯ ಇಲ್ಲವಾ’ ಎಂದು ಕೇಳುವವರಿದ್ದೀರಿ. ಹೋಗುವವರು ಕಡಿಮೆ, ಒಪ್ಪಿದೆವು. ಆದರೆ ಈ ‘ಸಣ್ಣ ಗುಂಪು’ ಎಂಬ ಮಾತನ್ನು ಕನ್ನಡಕ್ಕೆ ತಂದವರು ನಾವೇ. ನಮ್ಮಲ್ಲೊಬ್ಬರು ಡಿಪ್ಲೊಮಾ ಮುಗಿಸಿ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದಾಗ, ಪ್ರವಾಸದ ಪುಟಕ್ಕೆ ಇಂಥದ್ದೇ ಒಂದು ಕಂಪನಿಯ ಇಂಗ್ಲಿಷ್ ಪ್ರಕಟಣೆ ಬಂತು. ಸಂಜೆಯೊಳಗೆ ಕನ್ನಡ ಮಾಡಿ ಕೊಡಿ ಎಂದರು. ಮಾಡಿ ಕೊಟ್ಟದ್ದಾಯಿತು. ‘ತಿಮಿಂಗಿಲಗಳಿಗೆ ಕಿಂಚಿತ್ತೂ ತೊಂದರೆಯಾಗದಂತೆ’ ಎಂಬ ಸಾಲು ಅದರಲ್ಲಿತ್ತು. ಯಾರು ಹೇಳಿದ್ದು, ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಅದು ಜಾಹೀರಾತು ಎಂದು ಮೇಲೆ ಹಾಕಲೂ ಇಲ್ಲ. ಈ ಬರಹ ಆ ಸಾಲಿನ ಮೇಲಿನ ಜಗಳ.

ಟೊಂಗಾ ಎಂದರೆ ಪೆಸಿಫಿಕ್ ಸಾಗರದಲ್ಲಿ, ನ್ಯೂಜಿಲೆಂಡಿನ ಈಶಾನ್ಯಕ್ಕೆ ಇರುವ ದ್ವೀಪಗಳ ದೇಶ. ರಾಜ ಇದ್ದಾನೆ. ಜನಸಂಖ್ಯೆ ಒಂದು ಲಕ್ಷದ ಆಸುಪಾಸು, ಅಂದರೆ ನಮ್ಮ ಒಂದು ಸಣ್ಣ ತಾಲ್ಲೂಕಿನಷ್ಟು. ಅದರ ಉತ್ತರದ ವವಾವು ದ್ವೀಪಗಳ ಸುತ್ತ ಜುಲೈನಿಂದ ಅಕ್ಟೋಬರ್‌ವರೆಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಬಂದು ನಿಲ್ಲುತ್ತವೆ. ಯಾಕೆ ಬರುತ್ತವೆ ಎಂಬುದರಲ್ಲೇ ವಿಷಯವಿದೆ.

ಈ ತಿಮಿಂಗಿಲಗಳ ಊಟದ ಮನೆ ಅಂಟಾರ್ಕ್ಟಿಕಾ. ಬೇಸಿಗೆಯಲ್ಲಿ ಅಲ್ಲಿ ಹೊಟ್ಟೆ ತುಂಬ ತಿಂದು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತವೆ. ಆಮೇಲೆ 5,000 ಕಿಲೋಮೀಟರಿಗೂ ಹೆಚ್ಚು ಈಜಿ ಬೆಚ್ಚಗಿನ ನೀರಿಗೆ ಬರುತ್ತವೆ. ಕೆಲವು ಜೋಡಿ ಹುಡುಕಲು, ಕೆಲವು ಹೆರಲು. ಬಂದ ಮೇಲೆ ತಾಯಿ ತಿನ್ನುವುದು ಏನೂ ಇಲ್ಲ. ಬಸಿರು ಹನ್ನೊಂದು ತಿಂಗಳ ಮೇಲೆ. ಹುಟ್ಟುವಾಗಲೇ ಮರಿ ನಾಲ್ಕು ಮೀಟರ್ ಉದ್ದ, ತೂಕ ಒಂದು ಟನ್ನಿನ ಹತ್ತಿರ. ಅದಕ್ಕೆ ಹಾಲು ಕೊಡಬೇಕು. ಡೇರಿಯಲ್ಲಿ ಎಮ್ಮೆ ಹಾಲಿಗೆ ಆರೇಳು ಫ್ಯಾಟ್ ಬಂದರೆ ನಮಗೆ ಖುಷಿ. ತಿಮಿಂಗಿಲದ ಹಾಲಿಗೆ ಅದರ ನಾಲ್ಕೈದು ಪಟ್ಟು. ಅಷ್ಟೂ ತಾಯಿಯ ಮೈ ಕೊಬ್ಬಿನಿಂದಲೇ ಕರಗಿ ಬರಬೇಕು. ಅದೇ ಕೊಬ್ಬಿನಲ್ಲಿ ಮರಿಯನ್ನು ಕರೆದುಕೊಂಡು ಅಂಟಾರ್ಕ್ಟಿಕಾದವರೆಗೆ ವಾಪಸೂ ಹೋಗಬೇಕು.

ಇದಕ್ಕೆ ನಮ್ಮಲ್ಲೊಂದು ಹೆಸರಿದೆ. ಬಾಣಂತನ.

ನಮ್ಮ ಮನೆಗಳಲ್ಲಿ ಹಸಿ ಬಾಣಂತಿಯ ಕೋಣೆಗೆ ಯಾರನ್ನು ಬಿಡುತ್ತೇವೆ? ಬಾಗಿಲಲ್ಲಿ ಅಜ್ಜಿ ಕೂತಿರುತ್ತಾಳೆ. ನೆಂಟರು ಹೊರಗಿನಿಂದಲೇ ಮಾತಾಡಿಸಿ, ಕಾಫಿ ಕುಡಿದು ಹೋಗುತ್ತಾರೆ. ಮನುಷ್ಯರು ಹಾಗಿರಲಿ, ಕರು ಹಾಕಿದ ಹಸುವಿನ ಕೊಟ್ಟಿಗೆಗೂ ಹೊರಗಿನವರನ್ನು ಬಿಡುವುದಿಲ್ಲ. ಅಂಥ ಕೋಣೆಯ ಮುಂದೆ ಒಬ್ಬ ಬಂದು, ‘ನಮ್ಮದು ಸಣ್ಣ ಗುಂಪು ಅಮ್ಮಾ, ಒಂದು ಸಲಕ್ಕೆ ನಾಲ್ಕೇ ಜನ, ಮುಟ್ಟುವುದಿಲ್ಲ, ದೂರ ನಿಂತು ನೋಡುತ್ತೇವೆ’ ಎಂದರೆ ಅಜ್ಜಿ ಏನು ಮಾಡುತ್ತಿದ್ದಳು ಎಂದು ನಾವು ಹೇಳಬೇಕಿಲ್ಲ.

ಟೊಂಗಾದಲ್ಲಿ ಕಾನೂನು ಇಲ್ಲವೆಂದಲ್ಲ. 2008ರಲ್ಲಿ ತಿಮಿಂಗಿಲ ವೀಕ್ಷಣೆ ಮತ್ತು ಈಜಿನ ಕಾಯ್ದೆ ಬಂತು, 2013ರಲ್ಲಿ ನಿಯಮಗಳು. ಪರವಾನಗಿ ಇದ್ದ ಬೋಟಿಗೆ ಮಾತ್ರ ಅವಕಾಶ. ಒಂದು ಸಲಕ್ಕೆ ನೀರಿಗಿಳಿಯುವವರು ನಾಲ್ಕೇ ಜನ, ಜೊತೆಗೊಬ್ಬ ಗೈಡ್. 90 ನಿಮಿಷವಾದರೆ ಬೋಟು ಹೊರಡಬೇಕು. ಆಮೇಲೆ ಅಷ್ಟೇ ಹೊತ್ತು ತಿಮಿಂಗಿಲಕ್ಕೆ ಬಿಡುವು ಕೊಡಬೇಕು. ಕಾಗದದ ಮೇಲೆ ಚೆನ್ನಾಗಿದೆ. ಈಗ ನಾವು ಲೆಕ್ಕ ಹಾಕೋಣ. ಬೋಟುಗಳು ಬೆಳಗ್ಗೆ 8ರಿಂದ ಸಂಜೆ 5ರವರೆಗೆ ಓಡುತ್ತವೆ ಎಂದಿಟ್ಟುಕೊಳ್ಳಿ. ನಿಯಮವನ್ನು ಒಂದಕ್ಷರ ಮುರಿಯದೆ ಒಂದೇ ತಾಯಿಯ ಹತ್ತಿರ ದಿನಕ್ಕೆ ಮೂರು ಸಲ ಹೋಗಬಹುದು. ಒಟ್ಟು ನಾಲ್ಕೂವರೆ ಗಂಟೆ, ಅಂದರೆ ಹಗಲಿನ ಅರ್ಧ ಹೊತ್ತು. ಬೋಟಿನಲ್ಲಿ ಎಂಟು ಜನರಿದ್ದರೆ ನಾಲ್ವರು ಹತ್ತಿದ ಮೇಲೆ ಇನ್ನು ನಾಲ್ವರು ಇಳಿಯುತ್ತಾರೆ. ಎಲ್ಲವೂ ‘ಸಣ್ಣ ಗುಂಪೇ’. ಗುಂಪು ಸಣ್ಣದು ಎಂಬುದು ಗಿರಾಕಿಯ ಲೆಕ್ಕ. ನೀರಿನಲ್ಲಿರುವವಳಿಗೆ ಅದು ಒಂದು ಮುಗಿಯದ ಸಾಲು.

ಎಲ್ಲ ತಿಮಿಂಗಿಲಕ್ಕೂ ದಿನವೂ ಹೀಗೇ ಆಗುತ್ತದೆ ಎನ್ನುತ್ತಿಲ್ಲ. ನಿಯಮ ಇಷ್ಟಕ್ಕೆ ದಾರಿ ಬಿಟ್ಟಿದೆ ಎನ್ನುತ್ತಿದ್ದೇವೆ.

ಪಾಲನೆಯ ಕಥೆ ಬೇರೆಯೇ ಇದೆ. ನ್ಯೂಜಿಲೆಂಡಿನ ಆಕ್ಲೆಂಡ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ವವಾವುವಿನಲ್ಲೇ ಬೋಟು, ಈಜುಗಾರರು, ತಿಮಿಂಗಿಲ ಮೂರನ್ನೂ ಗಮನಿಸಿ 2019ರಲ್ಲಿ ವರದಿ ಪ್ರಕಟಿಸಿದರು. ಬೋಟು ಹತ್ತಿರ ಬಂದ ಪ್ರತಿ ಮೂರು ಸಲದಲ್ಲಿ ಸುಮಾರು ಒಂದು ಸಲ ತಿಮಿಂಗಿಲ ತಪ್ಪಿಸಿಕೊಂಡು ಸರಿಯಿತು. ಬೋಟು, ಈಜುಗಾರರು ಪಕ್ಕದಲ್ಲಿದ್ದಾಗ ತಾಯಂದಿರು ನೀರಿನಡಿ ಮುಳುಗಿರುವ ಹೊತ್ತು ಹೆಚ್ಚಿತು. ಬಿಡುವಿನ ನಿಯಮವನ್ನು ಬೋಟಿನವರು ಅನೇಕ ಸಲ ಪಾಲಿಸಲಿಲ್ಲ. ‘ಕಿಂಚಿತ್ತೂ ತೊಂದರೆಯಾಗದಂತೆ’ ಎಂಬ ನಮ್ಮ ಕನ್ನಡ ಸಾಲಿಗೆ ಉತ್ತರ ಇಲ್ಲಿದೆ.

ತಾಯಿ-ಮರಿಯನ್ನೇ ಯಾಕೆ ಹುಡುಕಿಕೊಂಡು ಹೋಗುತ್ತಾರೆ? ಹೊಳೆಯಲ್ಲಿ ಈಜಿದವರಿಗೆ ಬೇಗ ಅರ್ಥವಾಗುತ್ತದೆ. ಹೊರಟ ತಿಮಿಂಗಿಲದ ಜೊತೆ ಮನುಷ್ಯ ಈಜಲಾರ. ನಾಲ್ಕು ಸಲ ಕಾಲು ಬಡಿಯುವುದರೊಳಗೆ ಅದು ಮಾಯ. ನಿಂತ ತಿಮಿಂಗಿಲ ಬೇಕು. ನಿಂತಿರುವುದು ಯಾರು? ಮರಿಗೆ ಹಾಲು ಕೊಟ್ಟು ಸುಸ್ತಾಗಿ ನೀರಿನಲ್ಲಿ ಅಲುಗಾಡದೆ ಮಲಗಿರುವ ತಾಯಿ. ಯಾರಿಗೆ ವಿಶ್ರಾಂತಿ ಎಲ್ಲರಿಗಿಂತ ಹೆಚ್ಚು ಬೇಕೋ ಅವಳೇ ಗಿರಾಕಿಗೆ ಎಲ್ಲರಿಗಿಂತ ಸುಲಭಕ್ಕೆ ಸಿಗುವವಳು. ಈ ವ್ಯಾಪಾರ ನಿಂತಿರುವುದೇ ಇದರ ಮೇಲೆ.

‘ಮರಿಯೇ ನಮ್ಮ ಹತ್ತಿರ ಆಡಲು ಬಂತು, ತಾಯಿ ಸುಮ್ಮನಿದ್ದಳು’ ಎಂದು ಹೋಗಿ ಬಂದವರು ಹೇಳುತ್ತಾರೆ. ಸುಳ್ಳಲ್ಲ. ಮರಿಗೆ ಕುತೂಹಲ ಜಾಸ್ತಿ. ಅಂಗಳಕ್ಕೆ ಯಾರು ಬಂದರೂ ಓಡಿ ಬರುವ ಮಗುವಿನ ಹಾಗೆ. ಆದರೆ ಅದು ಆಡಿ ಖರ್ಚು ಮಾಡುವುದು ತಾಯಿಯ ಹಾಲನ್ನು. ತಾಯಿ ಸುಮ್ಮನಿದ್ದಾಳೆ ಎಂದರೆ ಒಪ್ಪಿದ್ದಾಳೆ ಎಂದು ಅರ್ಥ ಮಾಡಿಕೊಳ್ಳುವ ಚಾಳಿ ನಮಗೆ ತಿಮಿಂಗಿಲದ ವಿಷಯದಲ್ಲಿ ಮಾತ್ರ ಇಲ್ಲ, ಅದಿರಲಿ. ಅವಳು ಯಾವಾಗಲೂ ಸುಮ್ಮನಿರುತ್ತಾಳೆ ಎಂದೂ ಇಲ್ಲ. 2020ರಲ್ಲಿ ಆಸ್ಟ್ರೇಲಿಯಾದ ನಿಂಗಲೂ ತೀರದಲ್ಲಿ ಇಂಥದ್ದೇ ಪ್ರವಾಸದಲ್ಲಿದ್ದ ಮಹಿಳೆಯೊಬ್ಬರು ತಿಮಿಂಗಿಲದ ಹೊಡೆತಕ್ಕೆ ಸಿಕ್ಕಿ ತೀವ್ರವಾಗಿ ಗಾಯಗೊಂಡರು.

ಈಗ ಬೋಟಿನವರ ಮಾತಿಗೆ ಬರೋಣ. ಇದನ್ನು ಹಗುರವಾಗಿ ದಾಟುವಂತಿಲ್ಲ. ಮುರ್ಡೇಶ್ವರದಿಂದ ನೇತ್ರಾಣಿಗೆ ಸ್ನಾರ್ಕಲಿಂಗ್, ಸ್ಕೂಬಾ ಜನರನ್ನು ಕರೆದೊಯ್ಯುವ ಬೋಟುಗಳನ್ನು ನಾವು ನೋಡಿದ್ದೇವೆ. ಒಂದು ಸೀಸನ್ ಕೈಕೊಟ್ಟರೆ ಮನೆಯಲ್ಲಿ ಏನಾಗುತ್ತದೆ ಎಂದೂ ಗೊತ್ತು. ಟೊಂಗಾದವರು ಮೊದಲು ತಿಮಿಂಗಿಲ ಹಿಡಿದು ತಿನ್ನುತ್ತಿದ್ದರು. 1978ರಲ್ಲಿ ರಾಜ ನಾಲ್ಕನೇ ತೌಫಾಅಹೌ ಟುಪೌ ಬೇಟೆ ನಿಲ್ಲಿಸಿದರು. ಬಡವರ ಮಾಂಸ ನಿಂತಿತು. 1990ರ ದಶಕದಲ್ಲಿ ಪ್ರವಾಸಿಗರು ಬಂದ ಮೇಲೆ ಅದೇ ತಿಮಿಂಗಿಲ ಅನ್ನ ಕೊಡಲು ಶುರು ಮಾಡಿತು. ಕೊಂದು ತಿನ್ನುವುದಕ್ಕಿಂತ ತೋರಿಸಿ ಉಣ್ಣುವುದು ಸಾವಿರ ಪಾಲು ಮೇಲು. ಕೊರೊನಾ ಕಾಲದಲ್ಲಿ, 2020ರ ಮಾರ್ಚಿನಿಂದ 2022ರ ಆಗಸ್ಟ್‌ವರೆಗೆ, ದೇಶದ ಬಾಗಿಲೇ ಮುಚ್ಚಿತ್ತು. ನಡುವೆ 2022ರ ಜನವರಿಯಲ್ಲಿ ಜ್ವಾಲಾಮುಖಿ, ಸುನಾಮಿ. ಅಂಥವರ ಎದುರು ನಿಂತು ಅಂಗಡಿ ಮುಚ್ಚಿ ಎನ್ನುವ ಯೋಗ್ಯತೆ ನಮಗಿಲ್ಲ.

ಇನ್ನೊಂದು ಮಾತೂ ಹೇಳಬೇಕು. ಈ ತಿಮಿಂಗಿಲಗಳನ್ನು ಮುಗಿಸಿದವರು ಟೊಂಗಾದ ದೋಣಿಯವರಲ್ಲ. 1959ರಿಂದ 61ರವರೆಗಿನ ಎರಡೇ ಸೀಸನ್ನಿನಲ್ಲಿ ಸೋವಿಯತ್ ಹಡಗುಗಳು ದಕ್ಷಿಣ ಸಾಗರದಲ್ಲಿ 25,000ದಷ್ಟು ಹಂಪ್‌ಬ್ಯಾಕ್‌ಗಳನ್ನು ಕೊಂದು ಲೆಕ್ಕ ಮುಚ್ಚಿಟ್ಟವು. ದೊಡ್ಡವರು ಬರಿದು ಮಾಡಿದ ಸಮುದ್ರದಲ್ಲಿ ನಿಯಮ ಪಾಲಿಸುವ ಸರದಿ ಸಣ್ಣವರಿಗೆ ಬಂದಿದೆ. ನಮ್ಮ ಮೀನುಗಾರರಿಗೆ ಇದು ಹೊಸ ಕಥೆಯಲ್ಲ.

ಆದ್ದರಿಂದ ನಮ್ಮ ಸಿಟ್ಟು ಬೋಟಿನವನ ಮೇಲಿಲ್ಲ, ಟಿಕೆಟ್ ಕೊಳ್ಳುವವರ ಮೇಲೆ, ಆ ಟಿಕೆಟ್ಟಿಗೆ ಹಸಿರು ಬಣ್ಣ ಬಳಿಯುವ ನಮ್ಮಂಥವರ ಮೇಲೆ. ನೋಡಿ: ನ್ಯೂಜಿಲೆಂಡಿನಲ್ಲಿ ತಿಮಿಂಗಿಲದ ಜೊತೆ ಈಜುವುದು ಕಾನೂನುಬಾಹಿರ. ಅಮೆರಿಕದ ಹವಾಯಿಯಲ್ಲಿ ಹಂಪ್‌ಬ್ಯಾಕ್‌ಗೆ 100 ಗಜಕ್ಕಿಂತ ಹತ್ತಿರ ಹೋಗುವಂತಿಲ್ಲ. ಅಲ್ಲಿಯವರು ತಮ್ಮ ಮನೆಯಲ್ಲಿ ಮಾಡಬಾರದ್ದನ್ನು ಮಾಡಲು ವಿಮಾನ ಹತ್ತಿ ಟೊಂಗಾಕ್ಕೆ ಬರಬಹುದು. ಬಂದು, ಬಡ ದೇಶಕ್ಕೆ ಉಪಕಾರ ಮಾಡಿದೆವು ಎಂದು ಪೋಸ್ಟ್ ಹಾಕಬಹುದು.

ಬೋಟು ಓಡಲಿ. ತಿಮಿಂಗಿಲ ನೀರಿನಿಂದ ಚಿಮ್ಮಿ ಬೀಳುವುದನ್ನು ಬೋಟಿನಿಂದ ನೋಡಿದರೂ ದುಡ್ಡು ವಸೂಲಾಗುತ್ತದೆ. ಹಾಡುವ ಗಂಡು ತಿಮಿಂಗಿಲದ ಹಾಡನ್ನು ನೀರಿನೊಳಗೆ ಮೈಕು ಇಳಿಸಿ ಬೋಟಿನಲ್ಲೇ ಕೂತು ಕೇಳಬಹುದು. ಮರಿ ಇರುವ ತಾಯಿಯ ಹತ್ತಿರ ನೀರಿಗಿಳಿಯುವುದು ಬೇಡ, ನಾಲ್ವರೂ ಬೇಡ, ಒಬ್ಬರೂ ಬೇಡ. ನಮ್ಮ ಬೇಡಿಕೆ ಇಷ್ಟೇ. ‘ಹಾಗಾದರೆ ಗಿರಾಕಿ ಬರುವುದಿಲ್ಲ’ ಎಂದು ಕಂಪನಿಯವರು ಹೇಳಿದರೆ, ಅವರು ಮಾರುತ್ತಿರುವುದು ಏನನ್ನು ಎಂಬುದು ಅವರ ಬಾಯಿಂದಲೇ ಬಂದ ಹಾಗಾಯಿತು.

ಅಂದ ಹಾಗೆ, ಟೊಂಗಾದ ತಾಯಿ ತಿಮಿಂಗಿಲಕ್ಕೆ ವಾರಕ್ಕೊಂದು ರಜೆ ಇದೆ. ಭಾನುವಾರ ಪವಿತ್ರ ದಿನ ಎಂದು ಆ ದೇಶದ ಸಂವಿಧಾನದಲ್ಲೇ ಬರೆದಿದೆ, ವ್ಯಾಪಾರ ಮಾಡುವಂತಿಲ್ಲ. ಬೋಟುಗಳು ದಡದಲ್ಲಿ ನಿಲ್ಲುತ್ತವೆ, ಜನ ಚರ್ಚಿಗೆ ಹೋಗುತ್ತಾರೆ. ಆ ನಿಯಮ ಮಾಡಿದವರ ತಲೆಯಲ್ಲಿ ತಿಮಿಂಗಿಲ ಇರಲಿಲ್ಲ. ಆದರೂ ಇಡೀ ಸೀಸನ್ನಿನಲ್ಲಿ ಆ ತಾಯಿಗೆ ನಿಜವಾಗಿ ಉಪಕಾರ ಮಾಡುತ್ತಿರುವ ಕಾನೂನು ಯಾವುದು ಎಂದು ಕೇಳಿದರೆ ನಾವು ಅದನ್ನೇ ತೋರಿಸುತ್ತೇವೆ.

ಡೆಸ್ಕಿನಲ್ಲಿ ಕೂತು ನಾವು ಕನ್ನಡಕ್ಕೆ ಇಳಿಸಿದ ಆ ಬರಹ ಇವತ್ತಿಗೂ ಆ ಪತ್ರಿಕೆಯ ವೆಬ್‌ಸೈಟಿನಲ್ಲಿದೆ. ಅದರ ಮೇಲೆ ‘ಜಾಹೀರಾತು’ ಎಂದು ಹಾಕಿ, ಆ ಒಂದು ಸಾಲನ್ನು ತೆಗೆಯಿರಿ ಎಂದು ಮೇಲ್ ಮಾಡಿದ್ದೇವೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇವೆ.